ಮಿಂಚಿನ ಯುದ್ಧ ಹುಡುಕಿಕೊಂಡು ಹೋದದ್ದು

ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಜರ್ಮನಿಯಲ್ಲಿದ್ದಷ್ಟು ಕಾಲವೂ ದಿನಚರಿ ಬರೆದೆ. ಈಗ ತೆಗೆದು ನೋಡಿದರೆ ನನಗೆ ಚೆನ್ನಾಗಿ ನೆನಪಿರುವುದು ಅದರಲ್ಲಿಲ್ಲ, ಅದರಲ್ಲಿರುವುದು ನನಗೆ ನೆನಪಿಲ್ಲ. ಒಂದು ಪುಟದಲ್ಲಿ ‘ಮಳೆ, ಬೇಸರ’ ಎಂದಿದೆ. ನನ್ನ ನೆನಪಿನಲ್ಲಿ ಆ ದಿನ ಒಳ್ಳೆಯ ಬಿಸಿಲಿತ್ತು. ಬೇಸರ ಮಾತ್ರ ಎರಡರಲ್ಲೂ ಒಂದೇ. ನಾನು ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುವವಳು. ಕಣ್ಣಾರೆ ಕಂಡವರ ಮಾತನ್ನೂ ತೂಗಿ ನೋಡಬೇಕೆಂದು ವರ್ಷವರ್ಷವೂ ಹುಡುಗಿಯರಿಗೆ ಹೇಳುತ್ತೇನೆ. ನನ್ನ ಮಾತನ್ನೂ ಹಾಗೆಯೇ ತೂಗಿ ಓದಿಕೊಳ್ಳಬೇಕು.

ಹೋದದ್ದು ನಮ್ಮ ಮನೆಯವರ ಕೆಲಸದ ನೆಪದಲ್ಲಿ. ಅವರ ಕಾರ್ಖಾನೆ ಹೊಸ ಯಂತ್ರಗಳ ಕೆಲಸ ಕಲಿತು ಬರಲು ಅವರನ್ನು ಸ್ಟುಟ್‌ಗಾರ್ಟಿನ ಹತ್ತಿರದ ಒಂದು ಸಣ್ಣ ಊರಿಗೆ ಕಳಿಸಿತು. ನಾನು ರಜೆ ಹಾಕಿ ಜೊತೆಗೆ ಹೊರಟೆ. ರಜೆ ಕೊಟ್ಟ ಪ್ರಿನ್ಸಿಪಾಲರು ಒಂದು ಕೆಲಸವನ್ನೂ ಅಂಟಿಸಿದರು. ಜರ್ಮನರ ‘ಮಿಂಚಿನ ಯುದ್ಧ’ (ಬ್ಲಿಟ್ಸ್‌ಕ್ರೀಗ್) ನಿಜವಾಗಿಯೂ ಒಂದು ಯುದ್ಧಶಾಸ್ತ್ರವಾಗಿತ್ತೋ ಅಥವಾ ಪತ್ರಿಕೆಯವರು ಕಟ್ಟಿದ ಹೆಸರೋ, ವಿಚಾರಿಸಿಕೊಂಡು ಬಂದು ಚರಿತ್ರೆಯ ಸಂಘದಲ್ಲಿ ಒಂದು ಉಪನ್ಯಾಸ ಕೊಡಬೇಕು. ಒಪ್ಪಿಕೊಂಡೆ. ಆ ಪ್ರಶ್ನೆ ನಮ್ಮ ಮನೆಯೊಳಗಿನದೂ ಆಗಿತ್ತೆಂದು ಅವರಿಗೆ ಗೊತ್ತಿರಲಿಲ್ಲ.

ಮೈಸೂರು ಸ್ಟೇಷನ್

ಮಿಂಚಿನ ಯುದ್ಧವೆಂಬ ಹೆಸರನ್ನು ನಮ್ಮ ಮನೆಗೆ ತಂದವರು ದೊಡ್ಡಪ್ಪ. ಹಿನಕಲ್‌ನ ಹೊಲ ಬಿಟ್ಟು ಬಂದು ಕುಂಬಾರಕೊಪ್ಪಲಿನಲ್ಲಿ ಮನೆ ಮಾಡಿ, ಬಸ್ಸು ಓಡಿಸಿ ನಮ್ಮನ್ನೆಲ್ಲ ಓದಿಸಿದವರು. ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿಸಿಕೊಂಡು ಅದರ ಗ್ಯಾಸಿನಿಂದ ಓಡಿಸುತ್ತಿದ್ದರು. ಒಲೆ ಹೊತ್ತಿಕೊಳ್ಳುವವರೆಗೂ ಷೆಡ್ಡಿನಲ್ಲಿ ಕೂತು ಪತ್ರಿಕೆ ಗಟ್ಟಿಯಾಗಿ ಓದುವುದು ಅವರ ಅಭ್ಯಾಸ. ಪೋಲೆಂಡ್ ಬಿತ್ತು, ಫ್ರಾನ್ಸ್ ಬಿತ್ತು ಎಂದು ಓದುವಾಗಲೆಲ್ಲ ಆ ಮಾತು ಬರುತ್ತಿತ್ತು. ಹೊಗೆಯುಗುಳುತ್ತ, ದಿಬ್ಬ ಕಂಡರೆ ನಿಂತುಬಿಡುತ್ತಿದ್ದ ಬಸ್ಸಿನ ಯಜಮಾನರಿಗೆ ಮಿಂಚು ಯಾಕಷ್ಟು ಹಿಡಿಸಿತೆಂದು ಈಗ ಅರ್ಥವಾಗುತ್ತದೆ.

ನನ್ನ ಮದುವೆ ಆದದ್ದು ಅದೇ ಯುದ್ಧದ ಕೊನೆಗಾಲದಲ್ಲಿ. ಹುಡುಗನಿಗೆ ಸೈನ್ಯದ ವರ್ಕ್‌ಷಾಪಿನಲ್ಲಿ ಕೆಲಸ. ರಜೆ ಮುಗಿಯುವುದರೊಳಗೆ ಧಾರೆಯಾಗಬೇಕು, ಒಂದು ವಾರವೂ ಇರಲಿಲ್ಲ. ನನ್ನ ಆನರ್ಸ್ ಪರೀಕ್ಷೆ ಎದುರಿಗಿತ್ತು. ಅದು ಹೋಯಿತು, ಎಷ್ಟೋ ವರ್ಷದ ಮೇಲೆ ಮತ್ತೆ ಕಟ್ಟಿದೆ. ಯಾರು ಏನು ಮಾಡುತ್ತಿದ್ದಾರೆಂದು ಯಾರಿಗೂ ತಿಳಿಯದ ಮದುವೆ ಅದು. ಚಿಕ್ಕಪ್ಪ ಒಂದು ಓಲಗದವರನ್ನು ಗೊತ್ತು ಮಾಡಿದರು, ನನ್ನ ಸೋದರಮಾವ ಇನ್ನೊಂದು ತಂಡವನ್ನು. ಎರಡು ತಂಡವೂ ಚಪ್ಪರದ ಎರಡು ಮೂಲೆಯಲ್ಲಿ ಕೂತು ಒಂದನ್ನೊಂದು ಸೋಲಿಸುವಂತೆ ಊದಿದವು. ದೊಡ್ಡಮ್ಮ ಯಾರನ್ನೂ ಕೇಳದೆ ಹಿನಕಲ್‌ಗೆ ಹೋಗಿ ಅಕ್ಕಿ ಹೇರಿಸಿಕೊಂಡು ಬಂದರು. ದೊಡ್ಡಪ್ಪ ಮಾತ್ರ ನಂಜನಗೂಡು ರಸ್ತೆಯಲ್ಲಿ ಕೆಟ್ಟು ನಿಂತ ಬಸ್ಸಿನ ಜೊತೆ ಇದ್ದರು. ಧಾರೆಯ ಹೊತ್ತಿಗೆ ಬಂದರೋ, ಆದ ಮೇಲೆ ಬಂದರೋ, ನನಗೆ ಖಚಿತವಿಲ್ಲ. ಆದರೆ ಊಟದ ಪಂಕ್ತಿಯಲ್ಲಿ ನಿಂತು ಅವರು ಹೇಳಿದ್ದು ಕೇಳಿಸಿತು: “ಎಂಗೆ ನನ್ ಪ್ಲಾನು? ಜರ್ಮನೀಯವ್ರಿಗೇನು ಕಮ್ಮಿ?” ಅಂದಿನಿಂದ ಅದು ಮನೆಯ ಚರಿತ್ರೆ. ಹುಡುಗನ ಬಗ್ಗೆ ಆರು ತಿಂಗಳು ಗುಟ್ಟಾಗಿ ವಿಚಾರಿಸಿ, ಎಲ್ಲ ಯೋಚಿಸಿ, ಸಮಯ ನೋಡಿ ಹೊಡೆದ ಹೊಡೆತ ಅದು ಎಂದು ಅವರೇ ಹೇಳುತ್ತ ಬಂದರು, ನಾವೂ ನಂಬುತ್ತ ಬಂದೆವು. ಪರೀಕ್ಷೆ ಹೋದದ್ದಕ್ಕೆ ಅಳು ಬಂದಾಗಲೂ, ಹಿರಿಯರು ಯೋಚಿಸಿ ಮಾಡಿದ್ದಲ್ಲವೇ ಎಂದುಕೊಂಡು ಕಣ್ಣೊರೆಸಿಕೊಂಡಿದ್ದೇನೆ.

ಆಮೇಲೆ ದೊಡ್ಡಪ್ಪ ತಮ್ಮ ಮಗಳು ಜಯಳ ಮದುವೆಯನ್ನೂ ಅದೇ ರೀತಿ ಮಾಡಿದರು. ಜಯ ವರ್ಷದೊಳಗೆ ಗಂಡನ ಮನೆ ಬಿಟ್ಟು ತವರಿಗೆ ಬಂದಳು. ಇಂದಿಗೂ ಅಲ್ಲೇ ಇದ್ದಾಳೆ.

ಈಗ ಮೂರನೆಯ ಸರದಿ ನನ್ನ ತಂಗಿ ಸಾವಿತ್ರಿಯದು. ಬಿ.ಎಸ್ಸಿ. ಮುಗಿಸಿ ಮುಂದೆ ಓದಬೇಕೆಂದಿದ್ದಾಳೆ. ನಮಗೆ ತಂದೆ ಇಲ್ಲ, ಆದ್ದರಿಂದ ಹೂಂ ಎನ್ನಬೇಕಾದವರು ದೊಡ್ಡಪ್ಪ ಮತ್ತು ಹಿರಿಯ ಮಗಳಾದ ನಾನು. ನಮ್ಮನ್ನು ಬೀಳ್ಕೊಡಲು ಸ್ಟೇಷನ್ನಿಗೆ ಹಾರ ಹಿಡಿದುಕೊಂಡು ಬಂದ ದೊಡ್ಡಪ್ಪ ರೈಲಿನ ಕಿಟಕಿಯಲ್ಲಿ ತಲೆ ತೂರಿಸಿದರು.

“ಶಾರ್ದ, ಸಾವ್ತ್ರಿ ವಿಷ್ಯ. ನೀನು ಬಂದ್ ತಕ್ಷಣ ಒಂದ್ ಮಾತು ಹೂಂ ಅಂದ್ಬುಡು. ಹುಡ್ಗ ಭಿಲಾಯಿಗೆ ಕೆಲ್ಸಕ್ಕೆ ಹೋಗೋದ್ರೊಳಗೆ ಮುಗಿಸ್ಬುಡಾನ. ನಿನ್ ಮದ್ವೆ ಮಾಡಿದ್ನಲ್ಲ, ಅಂಗೇ.”

“ಜಯನ ಮದ್ವೇನೂ ಹಾಗೇ ಮಾಡಿದ್ರಿ, ದೊಡ್ಡಪ್ಪ.”

“ಅದು ಅವ್ರ್ ಕಡೆಯೋರ ತಪ್ಪು ಕಣಮ್ಮ. ನಮ್ ಪದ್ಧತಿಗೇನಾಗಿತ್ತು?”

ಸಾವಿತ್ರಿ ಇನ್ನೊಂದು ಕಿಟಕಿಗೆ ಬಂದು ಮೆಲ್ಲಗೆ ಹೇಳಿದಳು: “ಅಕ್ಕ, ನೀನು ಹೂಂ ಅಂದ್ಮೇಲೆ ನಾನು ಊಹೂಂ ಅನ್ನೋಕಾಗಲ್ಲ. ಅದಕ್ಕೇ ಅವ್ರು ನನ್ನ ಕೇಳ್ದೆ ನಿನ್ನ ಕೇಳ್ತಿರೋದು.”

ರೈಲು ಹೊರಟಿತು. ನಮ್ಮವರು ಕಾಫಿ ಫಿಲ್ಟರು ಟ್ರಂಕಿನಲ್ಲಿದೆಯೋ ಬುಟ್ಟಿಯಲ್ಲಿದೆಯೋ ಎಂದು ಕೇಳಿದರು.

ಹಡಗು

ಹಡಗಿನ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಬೊಂಬಾಯಿಯಿಂದ ಇಟಲಿಯ ಜೆನೋವಾವರೆಗೆ ನಾನು ವಾಂತಿ ಮಾಡಿಕೊಂಡೆ, ನಮ್ಮವರು ಊಟ ಮಾಡಿದರು. ಮೇಜಿನಲ್ಲಿ ನಮ್ಮ ಎದುರಿಗೆ ಊರಿಗೆ ಮರಳುತ್ತಿದ್ದ ಒಬ್ಬ ಇಂಗ್ಲಿಷ್ ವೃದ್ಧರು ಕೂರುತ್ತಿದ್ದರು. ನಾನು ಹೋಗುವ ಕಾರಣ ಕೇಳಿ ನಕ್ಕರು. ಮಿಂಚಿನ ಯುದ್ಧವನ್ನು ಕಂಡುಹಿಡಿದವರು ಇಂಗ್ಲಿಷರಂತೆ. ಟ್ಯಾಂಕು ಮೊದಲು ಮಾಡಿದವರೂ ಅವರೇ, ಅದನ್ನು ಓಡಿಸುವ ವಿಧಾನದ ಬಗ್ಗೆ ಬರೆದವರೂ ಅವರೇ, ಜರ್ಮನರು ಓದಿ ಕದ್ದರಂತೆ.

“ಹಾಗಾದರೆ ನೀವೇ ಯಾಕೆ ಉಪಯೋಗಿಸಲಿಲ್ಲ?” ಎಂದೆ.

ಅವರು ಉಪ್ಪಿನ ಡಬ್ಬಿ ಕೇಳಿದರು. ಸೋತವರಿಗೂ ಗೆದ್ದವರಿಗೂ ಬೇಕಾದ ಶಾಸ್ತ್ರವೊಂದಿದ್ದರೆ ಅದರ ಮೇಲೆ ಸ್ವಲ್ಪ ಅನುಮಾನ ಪಡಬೇಕೆಂದು ಆಗ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಮತ್ತೆ ಬಕೆಟ್ಟು ಹುಡುಕಿಕೊಂಡು ಹೋದೆ.

ಮೆಟ್ಟಿಲ ಮನೆ

ನಮಗೆ ಮಾಳಿಗೆಯ ಎರಡು ಕೋಣೆ ಬಾಡಿಗೆಗೆ ಕೊಟ್ಟವರು ಫ್ರೌ ಹಾಸ್, ಎಂದರೆ ಶ್ರೀಮತಿ ಹಾಸ್, ಎಂಬ ವಿಧವೆ. ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಒಳ್ಳೆಯ ಹೆಂಗಸು. ಆದರೆ ಆ ಒಳ್ಳೆಯತನಕ್ಕೆ ಬೇಲಿ ಜಾಸ್ತಿ. ಭಾನುವಾರ ಬಟ್ಟೆ ಒಣಗಿಹಾಕಬಾರದು. ಮಧ್ಯಾಹ್ನದ ಹೊತ್ತು ಮೊಳೆ ಹೊಡೆಯಬಾರದು. ರಸ್ತೆಯಲ್ಲಿ ಒಂದು ವಾಹನವೂ ಇಲ್ಲದಾಗಲೂ ಕೆಂಪು ದೀಪವಿದ್ದರೆ ದಾಟಬಾರದು; ನಮ್ಮವರು ಒಮ್ಮೆ ದಾಟಿದ್ದಕ್ಕೆ ಒಬ್ಬ ಮುದುಕಿ ಕೊಡೆ ಎತ್ತಿ ಬೈದಳು. ನಮ್ಮ ಮೈಸೂರಿನ ಪೇಟೆ ಬೀದಿಯಲ್ಲಿ ಎತ್ತಿನ ಗಾಡಿ, ಸೈಕಲ್ಲು, ಟಾಂಗಾ, ಹಸು ಎಲ್ಲವೂ ಒಟ್ಟಿಗೆ ದಾಟುತ್ತವೆ, ಯಾರೂ ಯಾರನ್ನೂ ಬೈಯುವುದಿಲ್ಲ. ಬೈದರೂ ಹೆಸರು ಹಿಡಿದು ಬೈಯುತ್ತಾರೆ, ಹಾಗಾಗಿ ಅದು ಮಾತುಕತೆಯ ಲೆಕ್ಕಕ್ಕೆ ಸೇರುತ್ತದೆ.

ಎಲ್ಲಕ್ಕಿಂತ ಕಷ್ಟವಾದದ್ದು ಮೆಟ್ಟಿಲು. ಆ ಸೀಮೆಯಲ್ಲಿ ಒಂದು ಪದ್ಧತಿಯಿದೆ. ಮನೆಯಲ್ಲಿರುವ ಸಂಸಾರಗಳು ವಾರಕ್ಕೊಬ್ಬರಂತೆ ಮೆಟ್ಟಿಲೂ ಬೀದಿಬಾಗಿಲೂ ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಹಲಗೆ ನೇತುಹಾಕುತ್ತಾರೆ. ಹೋದ ಮೊದಲ ವಾರವೇ ಹಲಗೆ ನಮ್ಮ ಬಾಗಿಲಿಗೆ ಬಂತು. ಗುಡಿಸುವುದು ನನಗೆ ಹೊಸದೇ? ಬಕೆಟ್ಟಿನಲ್ಲಿ ನೀರು ತಂದು ಮೇಲಿನಿಂದ ಸುರಿದು ತೊಳೆದೆ. ನೀರು ಕೆಳಗಿನ ಮನೆಯವರ ಬಾಗಿಲ ಸಂದಿನಿಂದ ಒಳಗೆ ಹೋಯಿತಂತೆ. ತೊಳೆದ ಹೊಸ್ತಿಲು ಬೋಳಾಗಿ ಕಾಣುತ್ತಿತ್ತು, ಗೋಧಿ ಹಿಟ್ಟಿನಲ್ಲಿ ನಾಲ್ಕೆಳೆ ರಂಗೋಲಿ ಎಳೆದೆ. ಫ್ರೌ ಹಾಸ್ ಬಂದು ನೋಡಿದರು. ಮೆಟ್ಟಿಲಿನ ಮೇಲೆ ಹಿಟ್ಟು ಚೆಲ್ಲಿದೆ, ಸರದಿ ಮುಗಿದ ಹಾಗಲ್ಲ ಎಂದರು.

“ಅದು ಚೆಲ್ಲಿದ್ದಲ್ಲ, ಬಿಟ್ಟದ್ದು” ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ.

“ಯಾಕೆ?” ಎಂದರು.

ಪೊರಕೆ ತಂದು ಅಳಿಸಿದೆ. ಒಳಗೆ ಬಂದರೆ ನಮ್ಮವರು ಫಿಲ್ಟರಿನಿಂದ ಡಿಕಾಕ್ಷನ್ ಇಳಿಯುವುದನ್ನು ನೋಡುತ್ತ ಕೂತಿದ್ದರು.

“ಅವ್ರಿಗೆ ಅದು ಕಸ ಕಣೇ. ಬುಡು.”

“ನಿಮಗೇನು? ಹಲಗೆ ನೇತಾಕಿರೋದು ನಮ್ಮಿಬ್ಬರ ಬಾಗಿಲಿಗೆ.”

“ನಾನು ಟ್ರೇನಿಂಗಿಗೆ ಬಂದಿರೋನು.”

ಆದರೆ ಅವತ್ತು ಸಿಟ್ಟಿನ ಜೊತೆಗೆ ಒಂದು ಸಮಾಧಾನವೂ ಆಯಿತು. ಕಸ ಗುಡಿಸುವುದಕ್ಕೇ ಇಷ್ಟೊಂದು ಕಟ್ಟಳೆ ಇಟ್ಟುಕೊಂಡವರು ಯುದ್ಧ ಮಾಡುವುದಕ್ಕೆ ಶಾಸ್ತ್ರ ಬರೆಯದೆ ಇದ್ದಾರೆಯೇ? ಎಲ್ಲೋ ಒಂದು ಪುಸ್ತಕದಲ್ಲಿ, ಸೂತ್ರಸೂತ್ರವಾಗಿ, ಮಿಂಚು ಹೇಗೆ ಬೀಳಬೇಕೆಂದು ಬರೆದಿಟ್ಟಿರಲೇಬೇಕು. ಹಾಗಿದ್ದರೆ ಪ್ರಿನ್ಸಿಪಾಲರಿಗೂ ಉತ್ತರ ಸಿಗುತ್ತದೆ. ವೇಗವೆಂಬುದು ಕಲಿತು ಮಾಡಬಹುದಾದ ವಿದ್ಯೆ ಎಂದಾದರೆ, ದೊಡ್ಡಪ್ಪನಿಗೆ ಹೂಂ ಎನ್ನುವುದಕ್ಕೆ ನನಗೂ ಒಂದು ಧೈರ್ಯ ಬರುತ್ತದೆ. ನಿಜ ಹೇಳಬೇಕೆಂದರೆ ನಾನು ಹೂಂ ಎನ್ನಲು ಕಾರಣ ಹುಡುಕುತ್ತಿದ್ದೆ. ಊಹೂಂ ಎಂದರೆ ನಮ್ಮನ್ನು ಓದಿಸಿದವರ ಮುಖ ನೋಡುವುದು ಹೇಗೆ?

ಭಾನುವಾರದ ಕಾಫಿ

ಫ್ರೌ ಹಾಸ್ ಅವರ ಅಣ್ಣ ಹೆರ್ ಕೆಲ್ಲರ್, ಎಂದರೆ ಶ್ರೀಯುತ ಕೆಲ್ಲರ್, ಯುದ್ಧದಲ್ಲಿ ಟ್ಯಾಂಕು ಪಡೆಯ ಅಧಿಕಾರಿಯಾಗಿದ್ದವರು. ಆಮೇಲೆ ಇಂಗ್ಲಿಷರಿಗೆ ಸೆರೆ ಸಿಕ್ಕಿ ಅಲ್ಲೇ ಇಂಗ್ಲಿಷ್ ಕಲಿತು ಬಂದು, ಈಗ ಹೊಲಿಗೆ ಯಂತ್ರ ಮಾರುತ್ತಿದ್ದರು. ಪಕ್ಕದ ಮನೆಯ ಹೆರ್ ಫೋಗೆಲ್ ಶಾಲೆಯಲ್ಲಿ ಚರಿತ್ರೆ ಮೇಷ್ಟರು, ನನ್ನ ಹಾಗೆಯೇ. ಇಬ್ಬರೂ ಭಾನುವಾರ ಮಧ್ಯಾಹ್ನ ಫ್ರೌ ಹಾಸ್ ಮನೆಗೆ ಕಾಫಿಗೆ ಬರುತ್ತಿದ್ದರು. ಕಾಫಿಯೆಂದರೆ ಹಾಲಿಲ್ಲದ ಕಷಾಯ, ಜೊತೆಗೆ ಕೆನೆ ಸುರಿದ ಪ್ಲಮ್ ಹಣ್ಣಿನ ಕೇಕು. ನಮ್ಮವರು ಕೇಕನ್ನು ಮಾತ್ರ ಮೆಚ್ಚಿದರು.

ಒಂದು ಭಾನುವಾರ ಕೇಳಿಬಿಟ್ಟೆ: ಮಿಂಚಿನ ಯುದ್ಧದ ಶಾಸ್ತ್ರ ಎಲ್ಲಿ ಸಿಗುತ್ತದೆ?

“ನನ್ನ ಹತ್ತಿರ ಕೇಳಿ” ಎಂದರು ಕೆಲ್ಲರ್. ಕಪ್ಪುಗಳನ್ನು ಸರಿಸಿ ಸಕ್ಕರೆ ಬಟ್ಟಲನ್ನು ಫ್ರಾನ್ಸಿನ ಸೈನ್ಯ ಮಾಡಿದರು, ಚಮಚಗಳು ಟ್ಯಾಂಕುಗಳಾದವು. ಒಂದೇ ಕಡೆ ಬಲವೆಲ್ಲ ಕೂಡಿಸು, ಒಡೆ, ಹಿಂದೆ ನೋಡಬೇಡ, ಓಡು. ಮೇಲೆ ವಿಮಾನ, ಕೆಳಗೆ ಟ್ಯಾಂಕು, ನಡುವೆ ರೇಡಿಯೋ. ಹೇಳುವಾಗ ಅವರ ಮುಖಕ್ಕೆ ಕಳೆ ಬಂದಿತ್ತು. ಷೆಡ್ಡಿನಲ್ಲಿ ಪತ್ರಿಕೆ ಓದುತ್ತಿದ್ದ ಮುಖವೊಂದು ನೆನಪಿಗೆ ಬಂತು.

ಫೋಗೆಲ್ ಕೇಕು ತಿಂದು ಮುಗಿಸಿ ಬಾಯಿ ಒರೆಸಿಕೊಂಡರು. “ನಾನೂ ಅದೇ ಯುದ್ಧದಲ್ಲಿದ್ದೆ. ರೈನ್ ನದಿಯಿಂದ ಸಮುದ್ರದವರೆಗೆ ನಡೆದೆ. ನಮ್ಮ ಫಿರಂಗಿ ಎಳೆದದ್ದು ಕುದುರೆಗಳು. ನಮ್ಮ ಸೈನ್ಯದಲ್ಲಿ ಹೆಚ್ಚಿನವರು ನನ್ನ ಹಾಗೆ ನಡೆದವರೇ. ಮಿಂಚು ನನಗೆ ಕಾಣಲಿಲ್ಲ, ಕಾಲಿನ ಬೊಬ್ಬೆ ಕಂಡಿತು.”

“ನೀವು ಹಿಂದಿದ್ದಿರಿ” ಎಂದರು ಕೆಲ್ಲರ್.

“ಹೌದು. ಸೈನ್ಯವೆಲ್ಲ ಹಿಂದಿತ್ತು. ನೀವೇ ಮುಂದೆ ಹೋಗಿಬಿಟ್ಟಿರಿ.”

“ಪುಸ್ತಕ ಇತ್ತೇ ಇಲ್ಲವೇ?” ಎಂದೆ.

ಪುಸ್ತಕವೇನೋ ಇತ್ತು ಎಂದರು ಫೋಗೆಲ್, ಸೈನ್ಯಕ್ಕೆ ಕೈಪಿಡಿ ಇಲ್ಲದಿರುತ್ತದೆಯೇ; ಆದರೆ ಅದರಲ್ಲಿ ಈ ಹೆಸರಿನ ಶಾಸ್ತ್ರವಿರಲಿಲ್ಲ. ಯುದ್ಧಕ್ಕೆ ಮುಂಚೆ ಎಲ್ಲೋ ಒಂದೆರಡು ಸೈನಿಕ ಪತ್ರಿಕೆಗಳಲ್ಲಿ ಆ ಮಾತು ಬಂದಿರಬಹುದು, ಲೋಕಕ್ಕೆಲ್ಲ ಹರಡಿದ್ದು ಹೊರದೇಶದ ಪತ್ರಿಕೆಗಳು. ಜರ್ಮನರು ಅಲ್ಲಿ ಓದಿ, ಓಹೋ ನಾವು ಮಾಡಿದ್ದು ಇದೋ ಎಂದುಕೊಂಡರು. ಕೆಲ್ಲರ್ ಚಮಚದಿಂದ ಮೇಜು ಕುಟ್ಟಿದರು. ಹೆಸರು ಯಾರೇ ಇಡಲಿ, ಕೂಸು ನಮ್ಮದು ಎಂದರು. ಫೋಗೆಲ್ ಅದು ಅಜ್ಜನ ಕಾಲದ ಕೂಸು ಎಂದರು. ಹೀಗೇ ಸಂಜೆಯಾಯಿತು. ಫ್ರೌ ಹಾಸ್ ಮೇಜುಬಟ್ಟೆಯ ಮೇಲಿನ ಫ್ರಾನ್ಸಿನ ಸಕ್ಕರೆಯನ್ನು ಬಳಿದು ತೆಗೆದರು. ನನಗೆ ತಲೆ ಸಿಡಿಯುತ್ತಿತ್ತು. ಕಂಡವರು ಇಬ್ಬರೇ, ಇಬ್ಬರೂ ಒಂದೇ ಯುದ್ಧದಲ್ಲಿದ್ದವರು. ಒಬ್ಬರ ಸಾಕ್ಷಿಗೂ ಇನ್ನೊಬ್ಬರ ಸಾಕ್ಷಿಗೂ ತಾಳೆಯಿಲ್ಲ.

ಸೆಡಾನ್ ದಾರಿ

ಕೊನೆಗೆ ಕೆಲ್ಲರ್, ಇವರಿಗೆ ಜಾಗವನ್ನೇ ತೋರಿಸುತ್ತೇನೆ ಎಂದರು. ಫ್ರಾನ್ಸಿನ ಗಡಿಯಾಚೆ ಸೆಡಾನ್ ಊರಿನ ಹತ್ತಿರ ಅವರು ನದಿ ದಾಟಿದ ಜಾಗ. ಅವರು ಸುಳ್ಳು ಹೇಳದಂತೆ ನೋಡಿಕೊಳ್ಳಲು ಫೋಗೆಲ್ ತಾವಾಗಿಯೇ ಹೊರಟರು. ಕಾರು ಸಣ್ಣದು. ಹಿಂದಿನ ಸೀಟಿನಲ್ಲಿ ನಾವಿಬ್ಬರು, ನಮ್ಮ ಮಧ್ಯೆ ನಮ್ಮವರ ಫ್ಲಾಸ್ಕು, ಕೊಡೆ, ಮಾದರಿ ಎಂದು ಇಟ್ಟ ಒಂದು ಹೊಲಿಗೆ ಯಂತ್ರ.

ಕೆಲ್ಲರ್ ದಾರಿ ತಪ್ಪಿದರು. ಒಂದು ಕವಲಿನಲ್ಲಿ ಫೋಗೆಲ್ ಎಡಕ್ಕೆ ಎಂದರು, ಇವರು ಬಲಕ್ಕೆ ಹೋದರು. ನಿಲ್ಲಿಸಿ ಯಾರನ್ನಾದರೂ ಕೇಳಿ ಎಂದರೆ ಕೇಳಲೊಲ್ಲರು. ಕಾಡು ದಟ್ಟವಾಯಿತು, ದಾರಿ ಸಣ್ಣದಾಯಿತು, ಕೊನೆಗೆ ಒಂದು ಹಸುವಿನ ಕೊಟ್ಟಿಗೆಯ ಅಂಗಳದಲ್ಲಿ ಮುಗಿದೇ ಹೋಯಿತು. ಹಿಂದಕ್ಕೆ ತಿರುಗಿಸಲು ಜಾಗವಿಲ್ಲ. ನಮ್ಮವರೂ ಫೋಗೆಲ್ಲರೂ ಇಳಿದು ಕಾರನ್ನು ತಳ್ಳಿದರು. ಕೊಟ್ಟಿಗೆಯ ಯಜಮಾನ ಬಾಗಿಲಲ್ಲಿ ನಿಂತು ನೋಡಿದ, ಸಹಾಯಕ್ಕೆ ಬರಲಿಲ್ಲ. ಸೆಗಣಿ ಮೆಟ್ಟಿದ ಬೂಟಿನಲ್ಲಿ ಇಬ್ಬರೂ ಕಾರಿಗೆ ಹತ್ತಿದರು. ಆ ವಾಸನೆ ಮಾತ್ರ ಎಲ್ಲ ದೇಶದಲ್ಲೂ ಒಂದೇ.

“ಆವತ್ತೂ ಹೀಗೇ ದಾರಿ ತಪ್ಪಿದ್ದಿರಾ?” ಎಂದೆ.

“ಆವತ್ತು ಮುಂದಿನ ಟ್ಯಾಂಕು ತಪ್ಪಿತ್ತು, ನಾವು ಅದರ ಹಿಂದೆ ಹೋದೆವು” ಎಂದರು ಕೆಲ್ಲರ್. ತಮಾಷೆಗೆ ಹೇಳಿದ್ದಲ್ಲ.

ಸೆಡಾನಿನ ಒಂದು ಕಾಫಿ ಅಂಗಡಿಯಲ್ಲಿ ಕೂತೆವು. ಇವರಿಬ್ಬರೂ ಜರ್ಮನ್ ಮಾತಾಡುವುದನ್ನು ಕೇಳಿದ ಅಂಗಡಿಯ ಹೆಂಗಸು ನಮ್ಮ ನಂತರ ಬಂದವರಿಗೆಲ್ಲ ಕೊಟ್ಟು ಮುಗಿಸಿ ಕೊನೆಗೆ ನಮ್ಮ ಮೇಜಿಗೆ ಬಂದಳು. ನನ್ನ ಸೀರೆಯನ್ನೊಮ್ಮೆ, ಅವರಿಬ್ಬರನ್ನೊಮ್ಮೆ ನೋಡಿ ಏನೋ ಹೇಳಿದಳು. ಫೋಗೆಲ್‌ಗೆ ಫ್ರೆಂಚ್ ಬರುತ್ತಿತ್ತು.

“ಏನೆಂದಳು?” ಎಂದೆ.

“ಕಾಫಿ ಬಿಸಿಯಿದೆ ಎಂದಳು.”

ಅಷ್ಟು ಉದ್ದದ ಮಾತಿನಲ್ಲಿ ಅಷ್ಟೇ ಇರಲಾರದು. ನನಗೆ ಅಲ್ಲಿ ಕೂತಿರುವುದೇ ನಾಚಿಕೆಯಾಯಿತು. ಅವಳ ಊರನ್ನು ಇವರು ಹೇಗೆ ಗೆದ್ದರೆಂದು ಅವಳ ಮುಂದೆಯೇ ಕೂತು ವಿಚಾರಿಸಲು ಮೈಸೂರಿನಿಂದ ಬಂದವಳು ನಾನು.

ಮ್ಯೂಸ್ ನದಿ

ನದಿ ನಮ್ಮ ಕಾವೇರಿಯ ಮುಂದೆ ಏನೂ ಅಲ್ಲ. ಶ್ರೀರಂಗಪಟ್ಟಣದ ಹತ್ತಿರ ಬೇಸಗೆಯಲ್ಲಿ ಬಂಡೆಗಳ ನಡುವೆ ಹರಿಯುತ್ತದಲ್ಲ, ಅದಕ್ಕಿಂತ ಸಣ್ಣದು, ಕೆಸರು ಬಣ್ಣ. ಕೆಲ್ಲರ್ ದಡದಲ್ಲಿ ನಿಂತು ಕೈ ಚಾಚಿ ತೋರಿಸಿದರು. ಇಲ್ಲಿ ದಾಟಿದೆವು. ದಾಟಿದ ಮೇಲೆ ನಿಲ್ಲಿ ಎಂದು ಮೇಲಿನಿಂದ ಆಜ್ಞೆ ಬಂತು. ದೊಡ್ಡ ಸೇನಾಪತಿಗಳಿಗೆ ಭಯ. ಟ್ಯಾಂಕು ಒಂಟಿಯಾಗಿ ಮುಂದೆ ಹೋದರೆ ಪಕ್ಕದಿಂದ ಬಂದು ಕತ್ತರಿಸುತ್ತಾರೆಂದು. ನಮ್ಮ ನಾಯಕರು ನಿಲ್ಲಲಿಲ್ಲ. ಸುಮ್ಮನೆ ಮುಂದೇನಿದೆ ನೋಡಿ ಬರುತ್ತೇವೆ ಎಂದು ಹೇಳಿ ಪಡೆಯನ್ನೇ ನಡೆಸಿದರು. ರೇಡಿಯೋದಲ್ಲಿ ಮಾತಾಡಿದರೆ ಮೇಲಿನವರಿಗೆ ಕೇಳಿಸುತ್ತದೆಂದು ಟೆಲಿಫೋನಿನ ತಂತಿ ಎಳೆಸಿಕೊಂಡು ಹೋದರಂತೆ.

“ಅಂದರೆ ನಿಮ್ಮದು ಆಜ್ಞೆ ಮೀರಿದ ಯುದ್ಧ” ಎಂದರು ಫೋಗೆಲ್. “ಅವಿಧೇಯತೆಯನ್ನು ಶಾಸ್ತ್ರ ಎನ್ನುತ್ತಾರೆಯೇ?”

“ನಮಗೆ ಗುರಿ ಹೇಳುತ್ತಿದ್ದರು, ದಾರಿ ಹೇಳುತ್ತಿರಲಿಲ್ಲ. ಅದೇ ನಮ್ಮ ಶಿಕ್ಷಣ.”

“ಅದು ಬಹಳ ಹಳೆಯ ಶಿಕ್ಷಣ. ಟ್ಯಾಂಕು, ರೇಡಿಯೋ ಹೊಸದು. ಅದೃಷ್ಟ ನಿಮ್ಮ ಕಡೆಗಿತ್ತು. ಗೆದ್ದ ಮೇಲೆ, ನಿಲ್ಲಿ ಎಂದವರೂ ಇದು ನಮ್ಮ ಯೋಜನೆ ಎಂದರು. ಈಗ ಒಬ್ಬೊಬ್ಬ ಸೇನಾಪತಿಯೂ ಆತ್ಮಕಥೆ ಬರೆಯುತ್ತಿದ್ದಾನೆ, ಪ್ರತಿ ಪುಸ್ತಕದಲ್ಲೂ ಯೋಜನೆ ಅವನದೇ.” ನದಿಯ ಕಡೆ ತಿರುಗಿ ಹೇಳಿದರು: “ಕೆಟ್ಟದ್ದು ಆದದ್ದು ಅಲ್ಲಿಂದ. ನಮ್ಮಲ್ಲಿ ಒಂದು ಮಂತ್ರವಿದೆಯೆಂದು ನಾವೇ ನಂಬಿದೆವು. ಮುಂದಿನ ವರ್ಷ ಅದೇ ಮಂತ್ರ ಹಿಡಿದುಕೊಂಡು ರಷ್ಯಾಕ್ಕೆ ಹೋದೆವು.”

“ಅಲ್ಲಿ ಏನಾಯಿತು?” ಎಂದೆ. “ಯುದ್ಧ ಕೇಳುತ್ತಿಲ್ಲ. ಅಲ್ಲಿಯ ಹಳ್ಳಿಗಳಲ್ಲಿ, ಜನಕ್ಕೆ?”

ಅಷ್ಟು ದಿನದಲ್ಲಿ ಅವರಿಬ್ಬರೂ ಒಟ್ಟಿಗೆ ಸುಮ್ಮನಾದದ್ದು ಅದೊಂದೇ ಸಲ. ಕೆಲ್ಲರ್ ಕಾರಿನ ಕಡೆಗೆ ನಡೆದರು. ಫೋಗೆಲ್ ಟೋಪಿ ತೆಗೆದು ಅದರ ಒಳಗೆ ನೋಡಿ ಮತ್ತೆ ಹಾಕಿಕೊಂಡು ಅವರ ಹಿಂದೆ ಹೋದರು. ಟ್ಯಾಂಕಿನ ಬಗ್ಗೆ ಎಷ್ಟು ಬೇಕಾದರೂ ಮಾತಾಡುವ ಜನ ಇದೊಂದರ ಬಗ್ಗೆ ಮಾತಾಡುವುದಿಲ್ಲ. ಶಾಸ್ತ್ರ ಇತ್ತೋ ಇಲ್ಲವೋ ಎಂಬ ಜಗಳವೇ ಆ ಮೌನದ ಮೇಲೆ ಹೊದಿಸಿದ ಮೇಜುಬಟ್ಟೆಯೇನೋ ಎಂದು ಆ ದಿನ ಬರೆದಿಟ್ಟಿದ್ದೇನೆ. ಈಗ ಓದಿದರೆ ಸ್ವಲ್ಪ ಅತಿ ಎನಿಸುತ್ತದೆ. ಸುಳ್ಳು ಎನಿಸುವುದಿಲ್ಲ.

ನಾವಿಬ್ಬರೇ ದಡದಲ್ಲಿ ಉಳಿದೆವು. ನಮ್ಮವರು ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಂಡು, ಏನೋ ನೆನೆಸಿಕೊಂಡು ನಕ್ಕರು.

“ನಮ್ ಮದ್ವೇನೂ ಇಂಗೇ ಅಲ್ವಾ ಆಗಿದ್ದು?”

“ಇದಕ್ಕೂ ಅದಕ್ಕೂ ಹೋಲಿಸಬೇಡಿ. ಇಲ್ಲಿ ಜನ ಸತ್ತಿದ್ದಾರೆ” ಎಂದೆ. ಹೇಳಿದೆನೇ ಹೊರತು, ಬೆಳಗ್ಗೆಯಿಂದ ನಾನೂ ಅದನ್ನೇ ಹೋಲಿಸುತ್ತಿದ್ದೆ. “ದೊಡ್ಡಪ್ಪ ಆರು ತಿಂಗಳು ನಿಮ್ಮ ವಿಷಯ ವಿಚಾರಿಸಿದ್ದರು.”

“ಯಾರು, ನಿಮ್ ದೊಡ್ಡಪ್ಪ? ನಾನೇ ಇದ್ನಲ್ಲೇ ಅಲ್ಲಿ.”

ಅವರು ಹೇಳಿದ್ದು ಇದು. ರಜೆಗೆ ಬಂದ ಮಾರನೆಯ ದಿನ ಅವರ ಸೋದರಮಾವ ಅವರನ್ನು ಕರೆದುಕೊಂಡು ಬಸ್ಸಿನ ಷೆಡ್ಡಿಗೆ ಹೋದರಂತೆ. ತಟ್ಟೆಯಲ್ಲಿ ಎಲೆಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು. ನಮ್ಮ ಕಡೆ ಹೆಣ್ಣು ಕೇಳುವವರು ತಟ್ಟೆ ಹಿಡಿದು ಬರುತ್ತಾರೆ. ಮನೆಯ ಹಿರಿಯರು ಅದನ್ನು ತೆಗೆದುಕೊಂಡರೆ ಒಪ್ಪಿದ ಹಾಗೆ, ಅಲ್ಲಿಂದ ಹಿಂದಕ್ಕೆ ಹೋಗುವಂತಿಲ್ಲ. ಆದರೆ ಮದುವೆಯ ದಿಬ್ಬಣಕ್ಕೆ ಬಸ್ಸು ಗೊತ್ತು ಮಾಡಲು ಬರುವ ಹಳ್ಳಿಯವರೂ ಬಸ್ಸಿನವರ ಹತ್ತಿರ ಅದೇ ತಟ್ಟೆ ಹಿಡಿದು ಬರುತ್ತಾರೆ. ಶುಭಕಾರ್ಯದ ಮಾತನ್ನು ಬರಿಗೈಯಲ್ಲಿ ಆಡಬಾರದು.

“ನಿಮ್ ದೊಡ್ಡಪ್ಪ ಬಸ್ಸಿನ್ ಕೆಳಗಿದ್ರು. ಮೈಯೆಲ್ಲ ಇದ್ದಿಲು. ಆಚೆ ಬಂದ್ರು, ತಟ್ಟೆ ನೋಡಿದ್ರು, ಕೈ ಒರೆಸ್ಕಂಡು ತಗಂಡ್ರು. ನಮ್ ಮಾವ ಇನ್ನೂ ಬಾಯೇ ತೆಗೆದಿರ್ಲಿಲ್ಲ. ಇವ್ರು ಕೇಳಿದ್ದು ಒಂದೇ ಮಾತು: ಎಷ್ಟ್ ಜನ?”

“ಎಷ್ಟು ಜನ?”

“ಹೂಂ. ನಮ್ ಮಾವಂಗೆ ಖುಷಿಯೋ ಖುಷಿ. ಊಟಕ್ಕೇ ಲೆಕ್ಕ ಹಾಕ್ತಾವ್ರೆ, ಭಾರಿ ಚುರುಕು ಜನ ಅಂದ್ರು. ನಮ್ಮನೇವ್ರೇ ನೂರಾಗ್ತೀವಿ ಅಂದ್ರು. ನಿಮ್ ದೊಡ್ಡಪ್ಪ, ಎರಡ್ ಟ್ರಿಪ್ ಆಯ್ತದೆ ಬುಡಿ ಅಂದ್ರು.”

“ಎರಡು ಟ್ರಿಪ್ಪೇ?” ಎಂದೆ.

“ನಾವು ಸೀದಾ ನಿಮ್ಮನೇಗೋದ್ವಿ. ಯಜಮಾನ್ರು ತಟ್ಟೆ ತಗಂಡವ್ರೆ ಅಂತ ಮಾವ ಅಂದ್ರು. ಅಷ್ಟೇ. ನಿಮ್ ದೊಡ್ಡಮ್ಮ ಅಕ್ಕಿಗೆ ಓಡಿದ್ರು, ನಿಮ್ ಚಿಕ್ಕಪ್ಪ ಓಲಗಕ್ಕೆ ಓಡಿದ್ರು.”

“ದೊಡ್ಡಪ್ಪನ್ನ ಯಾರೂ ಕೇಳಲಿಲ್ಲವೇ?”

“ತಟ್ಟೆ ತಗಂಡೋರ್ನ ಏನಂತ ಕೇಳೋದು? ಅವ್ಮಾನ ಅಲ್ವಾ?”

“ಅವರು ಬಸ್ಸಿಗೆ ಅಂತ ತಿಳಿದುಕೊಂಡಿದ್ದರೇ?”

“ನಂಗೆಂಗೆ ಗೊತ್ತು? ಅಂಗೂ ಇರ್ಬೋದು. ಇಲ್ದೇನೂ ಇರ್ಬೋದು. ಅವ್ರ್ ಮನ್ಸಿನೊಳಗೆ ನಾನ್ ಓಗಿದ್ನಾ?”

“ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ?”

“ನೀನ್ ಕೇಳ್ಲಿಲ್ಲ.” ಕಾಫಿಯ ಗಸಿಯನ್ನು ನದಿಗೆ ಚೆಲ್ಲಿದರು. “ಆಮೇಲೆ ಹೆಣ್ಣು ಚೆನ್ನಾಗಿತ್ತು. ನಂಗೇನ್ ನಷ್ಟ ಆಗಿತ್ತು?”

ನಗಬೇಕೋ ಅವರನ್ನು ನದಿಗೆ ನೂಕಬೇಕೋ ತಿಳಿಯಲಿಲ್ಲ. ಈ ಮನುಷ್ಯನ ಜೊತೆ ನಾನು ಸಂತೋಷವಾಗಿಲ್ಲವೆಂದಲ್ಲ, ಇದ್ದೇನೆ. ಆದರೆ ಪರೀಕ್ಷೆ ಬಿಟ್ಟದ್ದಕ್ಕೆ ಒಂದು ಕಾರಣವಿತ್ತು, ಯಾರೋ ಒಬ್ಬರು ನನಗಾಗಿ ಕೂತು ಯೋಚಿಸಿದ್ದರು ಎಂಬ ನಂಬಿಕೆಯ ಮೇಲೆ ಇಷ್ಟು ವರ್ಷ ಕಾಲೂರಿ ನಿಂತಿದ್ದೆ. ಮನೆಗೆ ಮರಳುವ ದಾರಿಯುದ್ದಕ್ಕೂ ಮುಂದಿನ ಸೀಟಿನವರು ಮತ್ತೆ ಜಗಳವಾಡಿದರು. ನಾನು ಸಾವಿತ್ರಿಯನ್ನು ನೆನೆಯುತ್ತ ಕೂತೆ.

ಕುಂಬಾರಕೊಪ್ಪಲು

ಊರಿಗೆ ಬಂದ ಮೇಲೆ ಉಪನ್ಯಾಸ ಕೊಟ್ಟೆ. ಹಳೆಯ ಅಭ್ಯಾಸ, ಹೊಸ ಯಂತ್ರ, ಎದುರಾಳಿಯ ತಪ್ಪು, ಕೆಳಗಿನವರ ಅವಿಧೇಯತೆ, ಅದೃಷ್ಟ ಇಷ್ಟೂ ಸೇರಿ ಒಂದು ಗೆಲುವಾಯಿತು. ಗೆದ್ದ ಮೇಲೆ ಹೆಸರು ಬಂತು. ಹೆಸರು ಬಂದ ಮೇಲೆ ಅದು ಮೊದಲಿನಿಂದಲೂ ಶಾಸ್ತ್ರವಾಗಿತ್ತೆಂದು ಎಲ್ಲರೂ ನಂಬಿದರು. ನಂಬಿದವರೇ ಮುಂದೆ ಅದರಿಂದ ಕೆಟ್ಟರು. ಒಂದು ಗಂಟೆ ಹೇಳಿದೆ. ಕೊನೆಗೆ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. “ಮೇಡಂ, ಇತ್ತು ಅಂತ ಬರೀಬೇಕಾ, ಇರ್ಲಿಲ್ಲ ಅಂತ ಬರೀಬೇಕಾ?”

ದೊಡ್ಡಪ್ಪನ ಮನೆಗೆ ಹೋದದ್ದು ಅದರ ಮುಂದಿನ ಭಾನುವಾರವಿರಬೇಕು. ಅವರು ಜಗುಲಿಯಲ್ಲಿ ಆರಾಮಕುರ್ಚಿಯಲ್ಲಿದ್ದರು. ಜಯ ಕಾಫಿ ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು. ಸಾವಿತ್ರಿ ನನ್ನ ಜೊತೆಯಲ್ಲೇ ಬಂದಿದ್ದಳು.

“ಬಾ ಕಣಮ್ಮ. ಹೂಂ ಅನ್ನೋಕೆ ಬಂದಿಯೋ, ದೇಶ ಸುತ್ತಿದ್ ಕತೆ ಹೇಳೋಕ್ ಬಂದಿಯೋ?”

“ಒಂದು ಮಾತು ಕೇಳೋಕೆ ಬಂದೆ, ದೊಡ್ಡಪ್ಪ. ಅದಕ್ಕೆ ನೀವು ಉತ್ತರ ಹೇಳಿ. ಸಾವಿತ್ರಿ ವಿಷಯ ಆಮೇಲೆ.”

ಕೇಳಿದೆ. ಅವರು ಕಾಫಿ ಲೋಟ ಕೈಗೆತ್ತಿಕೊಂಡಿದ್ದವರು ಕುಡಿಯದೆ ಕೆಳಗಿಟ್ಟರು. ಕೋಪ ಬರುತ್ತದೆಂದುಕೊಂಡಿದ್ದೆ, ಬರಲಿಲ್ಲ. ನನ್ನನ್ನು ನೋಡಲಿಲ್ಲ, ಬಾಗಿಲಲ್ಲಿದ್ದ ಜಯಳನ್ನು ನೋಡಿದರು. ಆಮೇಲೆ ರಸ್ತೆಯ ಕಡೆ ನೋಡುತ್ತ ಕೂತರು. ಅಷ್ಟು ವಯಸ್ಸಾದಂತೆ ಅವರು ನನಗೆ ಎಂದೂ ಕಂಡಿರಲಿಲ್ಲ. ಕೇಳಬಾರದಿತ್ತೇನೋ ಎಂದು ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಜಯ ಮಾತ್ರ ಒಳಗೆ ಹೋಗಲಿಲ್ಲ, ಉತ್ತರಕ್ಕೆ ಕಾದು ಅಲ್ಲೇ ನಿಂತಿದ್ದಳು.

ನಾನು ಹೂಂ ಎನ್ನಲಿಲ್ಲ, ಭಿಲಾಯಿಯ ಹುಡುಗ ಕೆಲಸಕ್ಕೆ ಹೊರಟುಹೋದ. ಸಾವಿತ್ರಿ ಎಂ.ಎಸ್ಸಿ.ಗೆ ಸೇರಿದಳು. ಬೇರೆ ಸಂಬಂಧ ಬಂದರೆ ಮೊದಲು ಅವಳನ್ನೇ ಕೇಳುವುದೆಂದು ದೊಡ್ಡಮ್ಮ ಹೇಳಿಕಳಿಸಿದ್ದಾರೆ. ಅದು ದೊಡ್ಡಪ್ಪನ ಮಾತೋ ದೊಡ್ಡಮ್ಮನ ಮಾತೋ ಗೊತ್ತಿಲ್ಲ. ಹಬ್ಬಕ್ಕೆ ಹೋದರೆ ದೊಡ್ಡಪ್ಪ ಎಂದಿನಂತೆ ಮಾತಾಡಿಸುತ್ತಾರೆ, ಮಳೆ ಬೆಳೆ ಬಸ್ಸು ಎಲ್ಲವನ್ನೂ ಹೇಳುತ್ತಾರೆ. ಇನ್ನೊಮ್ಮೆ ಕೇಳುವ ಧೈರ್ಯ ನನಗೂ ಬಂದಿಲ್ಲ. ಆ ದಿನ ಜಗುಲಿಯಲ್ಲಿ ನಾನು ಕೇಳಿದ ಮಾತುಗಳಲ್ಲಾದರೂ ನನ್ನ ನೆನಪು ತಪ್ಪಿಲ್ಲ:

“ದೊಡ್ಡಪ್ಪ, ಆವತ್ತು ಷೆಡ್ಡಿನಲ್ಲಿ ಆ ತಟ್ಟೆ ತಗೊಂಡಾಗ, ಅವರು ನನ್ನ ಕೇಳೋಕೆ ಬಂದಿದ್ದಾರೆ ಅಂತ ನಿಮಗೆ ಗೊತ್ತಿತ್ತಾ?”